ನಾಲ್ಕು ಸೆಕೆಂಡು ತಡವಾದ ನಗು

ನಮ್ಮ ಊರಿನಲ್ಲಿ ಟಿವಿ ಪೆಟ್ಟಿಗೆ ಇಟ್ಟುಕೊಂಡ ಪ್ರತಿ ಮನೆಯೂ ವರ್ಷಕ್ಕೆ ಒಂದು ಕಾಲುತಾಸು ಕರ ಕೊಡಬೇಕು. ದುಡ್ಡಲ್ಲ, ಕಾಲುತಾಸು. ಮನೆಯ ಒಬ್ಬರು ಹದಿನೈದು ನಿಮಿಷ ಕ್ಯಾಮೆರಾದ ಮುಂದೆ ಇರಬೇಕು. ಏನು ಬೇಕಾದರೂ ಮಾಡಬಹುದು, ಏನೂ ಮಾಡದೆ ಕೂತಿರಲೂಬಹುದು. ಹೀಗೆ ಕೊಟ್ಟದ್ದನ್ನೇ ಸಂಜೆ ಆರೂವರೆಯಿಂದ ಎಂಟರವರೆಗೆ ಊರೆಲ್ಲ ನೋಡುತ್ತದೆ. ಬೇರೆ ಯಾವ ಚಿತ್ರವೂ ನಮ್ಮ ಪೆಟ್ಟಿಗೆಗಳಲ್ಲಿ ಬರುವುದಿಲ್ಲ. ಚಿತ್ರ ಕಳಿಸುವ ಗುಡ್ಡದ ಮೇಲಿನ ಕಂಬ ಹೊರುವುದು 2,190 ಪೆಟ್ಟಿಗೆಗಳನ್ನು ಮಾತ್ರ. ದಿನಕ್ಕೆ ಆರು ಕಾಲುತಾಸಿನಂತೆ ವರ್ಷದ 365 ದಿನಕ್ಕೆ ಅದು ಸರಿಹೋಗುತ್ತದೆ. ಒಂದು ಮನೆ ಕೊಡದಿದ್ದರೆ ಆ ಹದಿನೈದು ನಿಮಿಷ ಎಲ್ಲರ ಪರದೆಯೂ ಬೆಳ್ಳಗಿರುತ್ತದೆ. ಒಮ್ಮೆ ತೋರಿಸಿದ್ದನ್ನು ಮತ್ತೆ ತೋರಿಸುವಂತಿಲ್ಲ.

ಈ ಕರ ವಸೂಲು ಮಾಡುವುದು ನನ್ನ ಕೆಲಸ. ಹೆಸರು ಅಂಬುಜಾ, ಆದರೆ ಆ ಹೆಸರಿನಿಂದ ಕರೆಯುವವರು ಈಗ ಯಾರೂ ಉಳಿದಿಲ್ಲ. ಊರಿಗೆಲ್ಲ ನಾನು ಕಾಲುತಾಸಿನ ಬಾಯಿ, ಎದುರು ಸಿಕ್ಕರೆ ಬಾಯಾರ, ಅಂದರೆ ಅಮ್ಮಾವರು. ನಾನು ಸೇರಿದ ವರ್ಷ 730 ಮನೆಗಳು ಕರ ಕೊಟ್ಟಿರಲಿಲ್ಲ, ಅಂದರೆ ಮೂರರಲ್ಲಿ ಒಂದು. ಏಳು ವರ್ಷದಲ್ಲಿ ಅದನ್ನು ಒಂದಕ್ಕೆ ಇಳಿಸಿದೆ. ಈ ಕಥೆ ಆ ಒಂದು ಮನೆಯದು. ಅದನ್ನು ಹೇಳಲು ಕುಲುಮೆ ಓಣಿಯ ತಂಗೆವ್ವ ಈಗ ಒಪ್ಪಿಗೆ ಕೊಟ್ಟಿದ್ದಾಳೆ. ಹೆಸರು ಬದಲಿಸಬೇಡ ಎಂದೂ ಹೇಳಿದ್ದಾಳೆ.

ಮೊದಲು ಆ 730ರ ಮಾತು. ದಿನಕ್ಕೆ ಅರ್ಧ ತಾಸು ಪರದೆ ಬೆಳ್ಳಗಿರುತ್ತಿತ್ತು, ಜನ ಅದಕ್ಕೆ ಹೊಂದಿಕೊಂಡುಬಿಟ್ಟಿದ್ದರು. ಹೆಂಗಸರು ರೊಟ್ಟಿ ಬಡಿಯುವುದನ್ನು ಬಿಳಿ ಹೊತ್ತಿಗೆ ಇಟ್ಟುಕೊಳ್ಳುತ್ತಿದ್ದರು. ಕರೆಂಟಿನ ದೀಪ ಮಂಕಾಗಿದ್ದ ಮನೆಗಳಲ್ಲಿ ಮಕ್ಕಳು ಪರದೆಯ ಬೆಳಕಿನಲ್ಲಿ ಪಾಠ ಓದುತ್ತಿದ್ದರು. ಮುದುಕರು ಬಯ್ಯುತ್ತಿದ್ದರು: "ಯಾವ ಪುಣ್ಯಾತ್ಮನ ಪಾಲೋ ಇದು, ನಮ್ಮದೆಲ್ಲ ನೋಡ್ತಾನ, ತನ್ನದೊಂದು ತೋರಸಂಗಿಲ್ಲ!" ಹಾಗೆ ಬಯ್ಯುವವರಲ್ಲೂ ಕೆಲವರು ಕೊಟ್ಟಿರಲಿಲ್ಲ. ಕರ ಕೊಟ್ಟ ಮನೆಯ ಬಾಗಿಲಿಗೆ ಹಿತ್ತಾಳೆ ಬಿಲ್ಲೆ ತೂಗುತ್ತದೆ. ಕೊಡದವರು ಪೆಟ್ಟಿಗೆಯನ್ನು ಕಣಜದಲ್ಲಿ, ತೊಟ್ಟಿಲಲ್ಲಿ, ಒಬ್ಬರಂತೂ ದೇವರ ಜಗುಲಿಯ ಹಿಂದೆ ಬಚ್ಚಿಟ್ಟು, "ನಮ್ಮನ್ಯಾಗ ಪೆಟಗೀನ ಇಲ್ರಿ" ಎನ್ನುತ್ತಿದ್ದರು.

ನಾನು ಮೊದಲು ಕಂಡುಕೊಂಡ ಉಪಾಯ ನಗು. ಪ್ರತಿ ಕಾಲುತಾಸನ್ನೂ ನಾನು ಮತ್ತು ಕ್ಯಾಮೆರಾದ ಮಲ್ಹಾರಪ್ಪ ಮೊದಲೇ ಹಿಡಿದಿರುತ್ತಿದ್ದೆವು. ಹಾಗಾಗಿ ಯಾವ ನಿಮಿಷಕ್ಕೆ ಊರು ನಗುತ್ತದೆ ಎಂಬುದು ನನಗೆ ಗೊತ್ತಿರುತ್ತಿತ್ತು. ಆ ನಿಮಿಷಕ್ಕೆ ಸರಿಯಾಗಿ ಒಂದು ಓಣಿಯಲ್ಲಿ ನಿಂತು, ಬಿಲ್ಲೆ ಇಲ್ಲದ ಯಾವ ಮನೆ ನಕ್ಕಿತು ಎಂದು ಗುರುತು ಮಾಡಿಕೊಳ್ಳುತ್ತಿದ್ದೆ. ಇಸ್ತ್ರಿ ಅಂಗಡಿಯ ಕಾಶಿಲಿಂಗ ಕ್ಯಾಮೆರಾದ ಮುಂದೆ ಮಾತಾಡಬಾರದು ಎಂದು ತಾನೇ ತಿಳಿದುಕೊಂಡು, ಒಂಬತ್ತನೆಯ ನಿಮಿಷಕ್ಕೆ ಇಸ್ತ್ರಿ ಮಾಡಿದ ಪಂಚೆಯ ಮೇಲೆ ಬಂದು ಕೂತ ಕೋಳಿಯನ್ನು ಬರಿ ಹುಬ್ಬಿನಿಂದ ಓಡಿಸಲು ನೋಡಿದ. ಕೋಳಿ ಏಳಲಿಲ್ಲ, ಮೊಟ್ಟೆ ಇಟ್ಟು ಎದ್ದಿತು. ಆ ಒಂದು ಸಂಜೆ ಗೌಳೇರ ಓಣಿಯಲ್ಲಿ ಹನ್ನೊಂದು ಮನೆ ಸಿಕ್ಕವು. ಮರುವಾರದಿಂದ ಜನ ದಿಂಬಿಗೆ ಬಾಯಿ ಒತ್ತಿಕೊಂಡು ನಗುವುದನ್ನು ಕಲಿತರು. ಆ ಓಣಿಗೆ ದಿಂಬಿನ ಓಣಿ ಎಂದೇ ಹೆಸರು ಬಿತ್ತು.

ಹಿಡಿಯುವುದರಿಂದ ಕೆಲಸ ಆಗದು ಎಂದು ಎರಡನೆಯ ವರ್ಷ ಅರ್ಥವಾಯಿತು. ಹಿಡಿದವನು ಆ ವರ್ಷ ಕೊಡುತ್ತಾನೆ, ಮುಂದಿನ ವರ್ಷ ಇನ್ನೂ ದಪ್ಪ ದಿಂಬು ತರುತ್ತಾನೆ. ಅದಕ್ಕೇ ಮನೆಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆ: ಯಾಕೆ ಕೊಡುವುದಿಲ್ಲ? 418 ಮನೆಯವರು ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟರು: "ನಮ್ಮಲ್ಲೇನೈತ್ರಿ ತೋರಸಾಕ?" ನನಗಿಂತ ಮೊದಲಿದ್ದವರು ಹಾಡುವವರನ್ನೂ ಭಾಷಣದವರನ್ನೂ ಆರೂವರೆಗೆ ಇಟ್ಟು, ಉಳಿದವರನ್ನು ಕೊನೆಗೆ ತಳ್ಳುತ್ತಿದ್ದರು. ನಾನು ಆ ಸಾಲನ್ನು ತಿರುವಿಹಾಕಿದೆ. ಒಂದು ಸೋಮವಾರ ಆರೂವರೆಗೆ ಸರಿಯಾಗಿ ಕುಂಟೋಜಿಯವರ ದುಂಡವ್ವ ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಳು. ಅಷ್ಟೇ. ಮೊದಲ ಕಲ್ಲು ಸಿಕ್ಕಾಗ ಯಾರೂ ಗಮನಿಸಲಿಲ್ಲ. ನಾಲ್ಕನೆಯದಕ್ಕೆ ಮಕ್ಕಳು ಎಣಿಸಲು ಶುರು ಮಾಡಿದರು. ಕೊನೆಯ ನಿಮಿಷದಲ್ಲಿ ಹನ್ನೊಂದನೆಯ ಕಲ್ಲು ಸಿಕ್ಕಾಗ ಪೇಟೆಯಲ್ಲಿ ಕೇಕೆ ಕೇಳಿಸಿತು. ಮರುದಿನ ಬೆಳಿಗ್ಗೆ ಕಚೇರಿ ತೆರೆಯುವ ಮೊದಲೇ 46 ಮಂದಿ ಬಂದು ನಿಂತಿದ್ದರು. "ಜ್ವಾಳ ಆರಸೂದು ನಡಿತೈತಿ ಅಂದ್ರ, ನಾ ಹಗ್ಗ ಹೊಸಿಯೂದೂ ನಡಿತೈತಲ್ರಿ?" ಎಂದು ಒಬ್ಬ ಕೇಳಿದ. ನಡೆಯುತ್ತದೆ ಎಂದೆ.

730 ಎಂಬುದು 511 ಆಯಿತು, 340 ಆಯಿತು, 162ಕ್ಕೆ ಬಂತು, ಆಮೇಲೆ 58, ಆಮೇಲೆ 9. ಏಳನೆಯ ವರ್ಷದ ಕೊನೆಯ ದಿನ ಏಳೂ ಮುಕ್ಕಾಲಿಗೆ ಪರದೆ ಬೆಳ್ಳಗಾಯಿತು, ಎಂಟರವರೆಗೆ ಹಾಗೇ ಇತ್ತು. ಇಡೀ ವರ್ಷದಲ್ಲಿ ಅದೊಂದೇ. ಕಂಬ ನಿಂತು ಹನ್ನೆರಡು ವರ್ಷವಾಗಿತ್ತು, ಒಂದು ವರ್ಷವೂ ಊರು ಪೂರ್ತಿ ಕೊಟ್ಟಿರಲಿಲ್ಲ. ಇಷ್ಟು ಹತ್ತಿರ ಬಂದದ್ದೂ ಮೊದಲ ಸಲ. ಆ ಹದಿನೈದು ನಿಮಿಷ ಬಿಳಿ ಪರದೆಯ ಮುಂದೆ ಕೂತು ನಾನು ನಿರ್ಧಾರ ಮಾಡಿದೆ: ಎಂಟನೆಯ ವರ್ಷ ಇದು ಆಗಬಾರದು.

ಆ ಒಂದು ಮನೆ ತಂಗೆವ್ವನದು. ವಯಸ್ಸು ಐವತ್ತೈದರ ಮೇಲೆ, ಮಿಲ್ಲಿನಲ್ಲಿ ಹಿಟ್ಟು ಬೀಸುವ ಕೆಲಸ. ಗಂಡ ಯಮನಪ್ಪ ಬಸ್ಸಿನ ಬಾಡಿ ಕಟ್ಟುವ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದವನು, ಹನ್ನೆರಡು ವರ್ಷದ ಹಿಂದೆ ಎರಡೂ ಕಣ್ಣು ಹೋಗಿದ್ದವು. ಮಕ್ಕಳಿಲ್ಲ. ಪೆಟ್ಟಿಗೆಗಳ ಗಣತಿಗೆ ಹೋದವರಿಗೆ ಯಮನಪ್ಪನೇ ಒಳಗಿನಿಂದ ಕೂಗಿ, "ನಮ್ಮನ್ಯಾಗೂ ಐತಿ, ಬರಕೋರಿ" ಎಂದಿದ್ದ. ಬರೆದುಕೊಂಡಿದ್ದರು. ಕರ ಕೊಡದವರ ಹೆಸರನ್ನು ಬಸ್ ನಿಲ್ದಾಣದ ಎದುರಿನ ಕರಿಹಲಗೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆಸುವ ಪದ್ಧತಿಯನ್ನು ನಾನು ಶುರು ಮಾಡಿ ಮೂರು ವರ್ಷವಾಗಿತ್ತು. ಅದರ ಮೇಲೆ ತಂಗೆವ್ವನ ಹೆಸರು ಮೂರೂ ವರ್ಷ ಇತ್ತು. ಕೊನೆಯ ವರ್ಷ ಅದೊಂದೇ ಹೆಸರು ಇತ್ತು.

ಬಿಲ್ಲೆ ಕೊಡುವ ಕ್ರಮ ಹೀಗಿದೆ. ಮೊದಲು ಪೆಟ್ಟಿಗೆಯ ಬೆನ್ನ ಮೇಲಿನ ಸಂಖ್ಯೆ ನೋಡಬೇಕು, ಆಮೇಲೆ ಪೆಟ್ಟಿಗೆ ಇರುವ ಕೋಣೆಯಲ್ಲೇ ಕ್ಯಾಮೆರಾ ಇಡಬೇಕು. ತಂಗೆವ್ವ ನನ್ನನ್ನು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ.

"ತಂಗೆವ್ವಾ, ಈ ವರ್ಷನಾದ್ರೂ ಕೊಟ್ಟಬಿಡ್ರಿ."

"ಕೊಡೂದಿಲ್ಲ."

"ಪೆಟಗಿ ಐತಿ ಹೌದಲ್ಲೋ?"

ಆಕೆ ಒಮ್ಮೆ ಒಳಗೆ ತಿರುಗಿ ನೋಡಿ ದನಿ ಎತ್ತಿದಳು. "ಐತಿ! ಯಾಕಿರಬಾರದು? ಐತಿ, ದಿನಾ ನೋಡ್ತೀವಿ!" ಆಮೇಲೆ ನನ್ನ ಕಿವಿಗೆ ಮಾತ್ರ ಕೇಳುವಂತೆ, "ಹಲಗಿ ಮ್ಯಾಲ ಬರಿಯೂದಿದ್ರ ಬರಕೊಂಡ ಹೋಗ್ರಿ, ಬಾಯಾರ" ಎಂದಳು.

ಒಳಗಿನಿಂದ ಗಂಡಸಿನ ದನಿ ಬಂತು. "ಯಾರು ಅವ್ರು, ಕರದವ್ರಾ? ಕೊಟ್ಟರ ಏನ್ ಗಂಟ ಹೋಗತೈತಿ ನಿಂದು? ನೀ ಕೊಡದಿದ್ರ ನಾ ಕುಂದರ್ತೀನಿ."

"ನೀವ್ ಸುಮ್ಮಕಿರ್ರಿ. ನನಗ ನಾಚಿಕಿ," ಎಂದು ಆಕೆ ಬಾಗಿಲು ಹಾಕಿಕೊಂಡಳು.

ಅರ್ಧ ಮಾತು ಜೋರಾಗಿ, ಅರ್ಧ ಮೆಲ್ಲಗೆ. ಅದನ್ನು ನಾನು ಗಮನಿಸಿದೆ. ಯಾಕೆ ಎಂದು ಕೇಳಿಕೊಳ್ಳಲಿಲ್ಲ. ಇನ್ನೊಂದನ್ನೂ ಗಮನಿಸಿದ್ದೆ. ಕುಲುಮೆ ಓಣಿಯ ಮನೆಗಳೆಲ್ಲ ನಕ್ಕು ನಾಲ್ಕು ಸೆಕೆಂಡಾದ ಮೇಲೆ ಆ ಮನೆಯಿಂದ ನಗು ಬರುತ್ತಿತ್ತು, ಅದೂ ಗಂಡಸಿನದು ಮಾತ್ರ. ಆರು ಸಂಜೆ ಗಡಿಯಾರ ಹಿಡಿದು ನೋಡಿದ್ದೆ, ಆರೂ ಸಲ ನಾಲ್ಕು ಸೆಕೆಂಡು. 'ಪೆಟ್ಟಿಗೆ ಹಳೆಯದು, ಚಿತ್ರ ತಡವಾಗಿ ಬರುತ್ತದೆ' ಎಂದು ಪುಸ್ತಕದಲ್ಲಿ ಬರೆದಿಟ್ಟೆ. ಎಂಟು ವರ್ಷದಲ್ಲಿ ನಾನು ಬರೆದ ಅತಿ ಮೂರ್ಖ ವಾಕ್ಯ ಅದು.

ಎಂಟನೆಯ ವರ್ಷ ಮುಗಿಯಲು ಐದು ದಿನ ಇದ್ದಾಗ ನಮ್ಮ ಕಚೇರಿಯ ಗುರುಶಾಂತಪ್ಪ ಸಾಹೇಬರು ನನ್ನನ್ನು ಕರೆದರು. ಮೇಜಿನ ಮೇಲೆ ಜಪ್ತಿಯ ಹಾಳೆ ಇತ್ತು.

"2,189 ಬಂದಾವ. ಒಂದು ಬಂದಿಲ್ಲ. ಆ ಪೆಟಗಿ ಎತ್ತಿಕೊಂಡ ಬರ್ರಿ," ಎಂದರು. "ಪೆಟಗೀಗೆ ಪಾಳಿ ಹಚ್ಚಿದವ್ರು ಮುನ್ನೂರು ಮಂದಿ ಅದಾರ. ಇವತ್ತ ಕೊಟ್ರ ನಾಳೆ ಕಾಲುತಾಸು ಕೊಡ್ತಾರ. ವರ್ಷ ಪೂರ್ತಿ ಆಗತೈತಿ."

"ಅವ್ರ ಮನ್ಯಾಗ ಕಣ್ಣಿಲ್ಲದವ್ರು ಅದಾರ್ರಿ ಸರ್."

"ಕಣ್ಣಿಲ್ಲದವ್ರಿಗೆ ಟಿವಿ ಯಾಕ ಬೇಕು ಬಾಯಾರ?"

ಹಾಳೆಗೆ ಸಹಿ ಹಾಕಿಸಿಕೊಂಡೆ. ನಿಜ ಹೇಳಬೇಕೆಂದರೆ, ಸಾಹೇಬರಿಗಿಂತ ನನಗೇ ಆ ಒಂದು ಹೆಚ್ಚು ಬೇಕಾಗಿತ್ತು.

ಮಧ್ಯಾಹ್ನ ನಾಲ್ಕಕ್ಕೆ ನಾನೂ ಮಲ್ಹಾರಪ್ಪನೂ ಹೋದೆವು. ಮಲ್ಹಾರಪ್ಪನ ಚೀಲದಲ್ಲಿ ಪೆಟ್ಟಿಗೆ ಕಟ್ಟಿ ತರಲು ಹಗ್ಗ ಇತ್ತು. ಬಾಗಿಲು ತೆರೆದವನು ಯಮನಪ್ಪ. ತಂಗೆವ್ವ ಮಿಲ್ಲಿಗೆ ಹೋಗಿದ್ದಳು. ಕರದವರು ಎಂದು ತಿಳಿದ ಕೂಡಲೆ ಅವನ ಮುಖ ಅರಳಿತು.

"ಬರ್ರಿ, ಬರ್ರಿ! ಆಕಿ ಇಲ್ಲ, ಚಲೋನ ಆತು. ಒಳಗ ಬರ್ರಿ." ಗೋಡೆ ಮುಟ್ಟದೆ, ಎಣಿಸಿದಂತೆ ಏಳು ಹೆಜ್ಜೆ ಇಟ್ಟು, ಮೂಲೆಯಲ್ಲಿ ಕಸೂತಿಯ ಬಟ್ಟೆ ಹೊದಿಸಿದ್ದ ಒಂದು ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಇದ ನೋಡ್ರಿ ನಮ್ಮದು. ದನಿ ಅಷ್ಟ ಕೆಟ್ಟೈತಿ. ಚಿತ್ರ ಸ್ವಚ್ಛ ಬರತೈತಂತ. ಆಕಿ ನೋಡಿ ಹೇಳ್ತಾಳ, ನಾ ಕೇಳ್ತೀನಿ."

"ಎಷ್ಟ ವರ್ಷ ಆತ್ರಿ ತಂದು?"

"ಕಂಬಾ ನಿಂತ ವರ್ಷಾನ. ಆ ಕಂಬಕ್ಕ ನೂರಾ ನಲವತ್ತೆರಡು ಮೆಟ್ಟಲ ಅದಾವ್ರಿ, ಅಷ್ಟೂ ನಾನ ಬೆಸದಿದ್ದು. ಕಡೀ ಮೆಟ್ಟಲ ಹಚ್ಚೂದಕ್ಕೂ ಕಣ್ಣ ಕೈ ಕೊಡೂದಕ್ಕೂ ಸರಿ ಆತು. ಹೋಗ್ಲಿ, ಪೆಟಗಿ ಅಂತೂ ಬಂತು ಮನಿಗೆ."

ಕಂಬದ ಮೆಟ್ಟಿಲು ನಾನು ಹತ್ತಿ ಎಣಿಸಿದ್ದೇನೆ. 142 ಸರಿ.

ಅಷ್ಟರಲ್ಲಿ ಬಾಗಿಲಲ್ಲಿ ತಂಗೆವ್ವ. ತಲೆಯ ಮೇಲೆ ಹಿಟ್ಟಿನ ಡಬ್ಬಿ, ಹುಬ್ಬಿನವರೆಗೂ ಹಿಟ್ಟು. ನನ್ನ ಕೈ ಆಗಲೇ ಬಟ್ಟೆಯ ಅಂಚಿಗೆ ಹೋಗಿತ್ತು. ಆಕೆ ಬೇಡ ಎನ್ನಲಿಲ್ಲ, ಎನ್ನುವಂತೆಯೂ ಇರಲಿಲ್ಲ. ನಾನು ಬಟ್ಟೆ ಎತ್ತಿದೆ.

ಸಾಬೂನು ತುಂಬಿ ತರುವ ಮರದ ಡಬ್ಬ ಅದು. ಮುಂದೆ ಫೋಟೋ ಚೌಕಟ್ಟಿನ ಗಾಜು, ಬದಿಗೆ ತಿರುವುವ ಗುಂಡಿಗಳಂತೆ ಎರಡು ಬಾಟಲಿ ಬಿರಡೆ. ಗಾಜಿನ ಹಿಂದೆ ಖಾಲಿ. ಬೆನ್ನ ಮೇಲೆ ಯಾವ ಸಂಖ್ಯೆಯೂ ಇರಲಿಲ್ಲ.

ಕೋಣೆಯಲ್ಲಿ ಮೂವರಿಗೆ ಕಣ್ಣಿತ್ತು. ಮಾತಾಡಿದವನು ಯಮನಪ್ಪ. "ಹೆಂಗೈತ್ರಿ ಬಾಯಾರ, ನಮ್ಮ ಪೆಟಗಿ?"

ಕೆಲಸದಲ್ಲಿ ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಹೇಳಬಹುದಾದ ನಿಜ ಯಾವುದಿದೆ ಎಂದು ಹುಡುಕಿದೆ. ಒಂದು ಸಿಕ್ಕಿತು.

"ಭಾಳ ಸ್ವಚ್ಛ ಇಟ್ಟೀರಿ. ಒಂದು ಕಣ ಧೂಳಿಲ್ಲ."

"ದಿನಾ ನಾನ ಒರಸ್ತೀನ್ರಿ!" ಎಂದ ಯಮನಪ್ಪ. ಅಷ್ಟು ಹೆಮ್ಮೆಯ ಮಾತನ್ನು ನಾನು ಯಾವ ಕಾಲುತಾಸಿನಲ್ಲೂ ಕೇಳಿಲ್ಲ. ನಾನು ಹೇಳುವ ಮೊದಲೇ ಮಲ್ಹಾರಪ್ಪ ಹೊರಗೆ ತೆಗೆದಿದ್ದ ಹಗ್ಗವನ್ನು ಸುತ್ತಿ ಚೀಲಕ್ಕೆ ಹಾಕಿದ.

ಹೊರಡುವಾಗ ಎದುರು ಗೋಡೆಯ ಗವಾಕ್ಷಿ ಕಣ್ಣಿಗೆ ಬಿತ್ತು. ಅದರ ಕೆಳಗೆ ಕಬ್ಬಿಣದ ಒಂದು ಎತ್ತರದ ಸ್ಟೂಲು. ಕೂರುವ ತಗಡಿನ ಬಣ್ಣ ಎರಡು ಪಾದದ ಆಕಾರದಲ್ಲಿ ಸವೆದು ಹೋಗಿತ್ತು. ಗವಾಕ್ಷಿಯ ಆಚೆ ಮೂರು ಮೊಳದ ಓಣಿ, ಓಣಿಯ ಆಚೆ ಹುಸೇನ್‌ಬಿಯ ಕಿಟಕಿ.

ಹುಸೇನ್‌ಬಿ ಬಳೆ ವ್ಯಾಪಾರದವಳು, ಪ್ರತಿ ವರ್ಷ ಮೊದಲ ವಾರದಲ್ಲೇ ಕಾಲುತಾಸು ಕೊಟ್ಟು ಬಿಲ್ಲೆ ತೂಗಿಸುವವಳು. ನಾನು ನೇರ ಅಲ್ಲಿಗೆ ಹೋದೆ. ಚಳಿಗಾಲ, ಆಕೆ ಎರಡು ಶಾಲು ಹೊದ್ದಿದ್ದಳು, ಕಿಟಕಿ ಅಗಲವಾಗಿ ತೆರೆದಿತ್ತು.

"ಕಿಡಕಿ ಯಾಕ ತಗದೀರಿ?"

"ಶಕಿ ಆಗತೈತ್ರಿ ಬಾಯಾರ."

"ಪೆಟಗಿ ಯಾಕ ಹಿಂಗ ಓರಿ ಇಟ್ಟೀರಿ?"

"ಪೆಟಗಿ ನೆಟ್ಟಗ ಐತ್ರಿ. ನಮ್ಮ ಮನೀನ ಓರಿ ಐತಿ."

ಪೆಟ್ಟಿಗೆಯ ಮುಖ ಪೂರ್ತಿ ಕಿಟಕಿಯ ಕಡೆಗಿತ್ತು. ಮನೆಯವರು ಕೂರುವ ಚಾಪೆ ಒಂದು ಪಕ್ಕಕ್ಕೆ ಒತ್ತರಿಸಿತ್ತು. ಗಂಡ, ಹೆಂಡತಿ, ಮೂರು ಹೆಣ್ಣುಮಕ್ಕಳು ಇಷ್ಟು ವರ್ಷ ಕತ್ತು ಹೊರಳಿಸಿಕೊಂಡೇ ಟಿವಿ ನೋಡಿದ್ದರು. ನಾನು ಪ್ರತಿ ವರ್ಷ ಅದೇ ಕೋಣೆಯಲ್ಲಿ ನಿಂತು ಆ ಪೆಟ್ಟಿಗೆಯ ಬೆನ್ನ ಸಂಖ್ಯೆ ಬರೆದುಕೊಂಡಿದ್ದೆ, ಅದರ ಮುಖ ಎತ್ತ ಇದೆ ಎಂದು ನೋಡಿರಲಿಲ್ಲ.

ನಾನು ಕಿಟಕಿಯಾಚೆಯ ಗವಾಕ್ಷಿಯತ್ತ ನೋಡಿದ್ದನ್ನು ಕಂಡು ಹುಸೇನ್‌ಬಿ ನಿಟ್ಟುಸಿರು ಬಿಟ್ಟಳು. "ಓಣಿಗೆಲ್ಲ ಗೊತ್ತೈತ್ರಿ. ನಿಮಗೊಬ್ಬರಿಗೆ ಗೊತ್ತಿರಲಿಲ್ಲ."

"ಹಲಗಿ ಮ್ಯಾಲ ಆಕಿ ಹೆಸರು ಬರಸಿದ್ನಲ್ಲ. ಒಬ್ಬರರೆ ಬಂದು ಹೇಳಬಾರದೇನು?"

"ನೀವು ಬರಕೊಳ್ಳಾವ್ರು. ಬರದಿದ್ದನ್ನ ಯಾರರೆ ಓದ್ತಾರ. ಓದಿದ್ದನ್ನ ಯಾರರೆ ಆಡ್ತಾರ. ಆಡಿದ್ದು ಯಮನಪ್ಪಣ್ಣನ ಕಿವೀಗೆ ಬೀಳಾಕ ಎಷ್ಟೊತ್ತು? 'ಹಲಗಿ ಮ್ಯಾಲ ನನ್ನ ಹೆಸರ ಇದ್ರ ಇರಲಿ, ಅವ್ರಿಗೆ ಓದಾಕ ಬರೂದಿಲ್ಲ' ಅಂತ ಆಕೀನ ಅಂದ್ಲು."

ಕರ ಪೆಟ್ಟಿಗೆಗೆ, ಕಣ್ಣಿಗಲ್ಲ. ಇನ್ನೊಬ್ಬರ ಕಿಟಕಿಯಿಂದ ನೋಡಿದವರು ಏನೂ ಕೊಡಬೇಕಾಗಿಲ್ಲ. ಅಂದರೆ ಊರಿನ ಪೆಟ್ಟಿಗೆಗಳು 2,190 ಅಲ್ಲ, 2,189. ಅಷ್ಟೂ ಮನೆಗಳು ಕೊಟ್ಟಾಗಿತ್ತು. ತಪ್ಪಿಸಿಕೊಂಡವರು ಯಾರೂ ಉಳಿದಿರಲಿಲ್ಲ. ಉಳಿದದ್ದು ನನ್ನ ಪುಸ್ತಕದ ಒಂದು ತಪ್ಪು ಸಾಲು, ಅದು ಮೂರು ವರ್ಷ ಬಸ್ ನಿಲ್ದಾಣದ ಎದುರು ಒಬ್ಬ ಹೆಂಗಸಿನ ಹೆಸರಾಗಿ ನಿಂತಿತ್ತು.

ಆ ಸಂಜೆ ಒದ್ದೆ ಬಟ್ಟೆ ತೆಗೆದುಕೊಂಡು ಹೋಗಿ ಹಲಗೆಯನ್ನು ನಾನೇ ಒರೆಸಿದೆ. ಬಸ್ಸಿಗೆ ಕಾದಿದ್ದವನೊಬ್ಬ ಕೇಳಿದ: "ಏನ್ ಬಾಯಾರ, ಕಡೀಗೂ ಕಕ್ಕಿದ್ಲಾ ಮುದುಕಿ?"

"ಆಕಿ ಕೊಡೂದು ಏನೂ ಇರಲಿಲ್ಲ. ತಪ್ಪು ನಂದು."

"ನಿಮ್ಮದ? ನಿಮ್ಮದೂ ತಪ್ಪಾಗತೈತಿ ಅಂದ್ರ ಇವತ್ತ ಮಳಿ ಬರತೈತಿ ಬಿಡ್ರಿ."

"ಛತ್ರಿ ತರಬೇಕಿತ್ತು ನೀ," ಎಂದೆ.

ಮರುದಿನ ಮಿಲ್ಲಿನ ಹಿಂದೆ ತಂಗೆವ್ವ ಒಬ್ಬಳೇ ಸಿಕ್ಕಳು. ಮಾತಿಗೆ ಮೊದಲು ಆಕೆ ಕೇಳಿದ್ದು ಒಂದೇ: "ಬರದ್ರ್ಯಾ?"

"ಇನ್ನೂ ಇಲ್ಲ."

"ಏನ್ ಬರೀತೀರಿ?"

"ಇದ್ದದ್ದನ್ನ ಬರೀಬೇಕು ತಂಗೆವ್ವ. ನಮ್ಮ ಪುಸ್ತಕದಾಗ ಎರಡ ಕಲಂ ಅದಾವ. ಒಂದು ಪೆಟಗಿ, ಒಂದು ಕಾಲುತಾಸು. ಮೊದಲನೇದರಾಗ 'ಇಲ್ಲ' ಅಂತ ಬರೀತೀನಿ. ಎರಡನೇದು ಇನ್ನೂ ಖಾಲಿ ಐತಿ."

ಆಕೆ ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡಳು. "ಕಂಬದ ಕೆಲಸಾ ಮಾಡೂಮುಂದ ಅವ್ರು ಅಂತಿದ್ರು, 'ಮೊದಲನೇ ಪೆಟಗಿ ನಮ್ಮ ಮನ್ಯಾಗ ಬರತೈತಿ ನೋಡು' ಅಂತ. ಕಣ್ಣ ಹೋದ್ವು, ಕೆಲಸಾ ಹೋತು. ಅವತ್ತ ಊರೆಲ್ಲ ಕಂಬಾ ನೋಡಾಕ ಹ್ವಾದಾಗ ಅವ್ರು ಗ್ವಾಡಿಗೆ ಮುಖಾ ಮಾಡಿ ಮಲಗಿದ್ರು. 'ಏಳ್ರಿ, ಪೆಟಗಿ ಬಂತು' ಅಂದ್ನಿ. ಎದ್ದ ಕುಂತ್ರು. ಆಮ್ಯಾಲ ಹೆಂಗ ಹಿಂದಕ ತಗೊಳ್ಳಿ ಹೇಳ್ರಿ?"

"ತಗೋಬ್ಯಾಡ್ರಿ. ಪೆಟಗಿ ಇಲ್ಲದವ್ರು ಕಾಲುತಾಸು ಕೊಡಬಾರದು ಅಂತ ನಮ್ಮ ಯಾವ ನಿಯಮದಾಗೂ ಇಲ್ಲ. ಈ ವರ್ಷದ್ದು ಒಂದು ಜಾಗಾ ಖಾಲಿ ಐತಿ. ಇದು ಕರ ಅಲ್ಲ. ನೀವು ಕೊಡಬೇಕು ಅಂತಿಲ್ಲ. ಕೊಡ್ರಿ ಅಂತ ಕೇಳಾಕ ಬಂದೀನಿ."

ಆಕೆ 418 ಮನೆಗಳ ಮಾತನ್ನೇ ಆಡಿದಳು. "ನಮ್ಮಲ್ಲೇನೈತ್ರಿ ತೋರಸಾಕ?"

"ದಿನಾ ರಾತ್ರಿ ಅವ್ರಿಗೆ ಹೇಳ್ತೀರಲ್ಲ, ಅದ."

ಎರಡು ದಿನದ ಮೇಲೆ ಕ್ಯಾಮೆರಾ ಒಳಗೆ ಹೋಯಿತು. ಯಮನಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಒಂದು ಕೈಯನ್ನು ಬಟ್ಟೆ ಹೊದಿಸಿದ ಪೆಟ್ಟಿಗೆಯ ಮೇಲಿಟ್ಟು ಕೂತ. ತಂಗೆವ್ವ ಎದುರಿಗೆ ಕೂತು ಹಿಂದಿನ ಸಂಜೆಯ ಒಂದು ಕಾಲುತಾಸನ್ನು ಅವನಿಗೆ ಹೇಳತೊಡಗಿದಳು. ವಯಸ್ಸಾದ ದರ್ಜಿಯೊಬ್ಬ ಸೂಜಿಗೆ ದಾರ ಪೋಣಿಸಲು ಹದಿನಾಲ್ಕು ನಿಮಿಷ ಒದ್ದಾಡಿದ್ದು. ಆಕೆ ದರ್ಜಿಯಾದಳು, ಸೂಜಿಯಾದಳು, ಬೇಸತ್ತು ಎದ್ದುಹೋಗುವ ದರ್ಜಿಯ ಹೆಂಡತಿಯಾದಳು. ದಾರ ತಪ್ಪಿದಾಗಲೆಲ್ಲ ಗಂಡನ ಅಂಗೈಯಲ್ಲಿ ಬೆರಳಿನಿಂದ ಸಣ್ಣಗೆ ತಿವಿದಳು. ದಾರ ತೂರಿಕೊಂಡಾಗ ಯಮನಪ್ಪ ಉಸಿರು ಬಿಟ್ಟ ಸದ್ದು ಮೈಕಿಗೆ ಕೇಳಿಸಿತು. ಎಂಟು ವರ್ಷದಲ್ಲಿ ಯಾವುದರ ಬಗ್ಗೆಯೂ ಅಭಿಪ್ರಾಯ ಹೇಳದ ಮಲ್ಹಾರಪ್ಪ, ಓಣಿಗೆ ಬಂದ ಮೇಲೆ ಕ್ಯಾಮೆರಾ ಕೆಳಗಿಟ್ಟು ಹೇಳಿದ: "ಆ ದರ್ಜಿದು ನಾನ ಹಿಡದಿದ್ದು. ಇಷ್ಟು ಚೆಂದ ಇರಲಿಲ್ಲ ಅದು."

ಸಾಹೇಬರು ನನ್ನ ಪುಸ್ತಕವನ್ನು ಎರಡು ಸಲ ಓದಿದರು. 'ಪೆಟ್ಟಿಗೆ: ಇಲ್ಲ. ಕಾಲುತಾಸು: ಸಂದಿದೆ.'

"ಇದೇನ್ ಬಾಯಾರ ಇದು? ಪೆಟಗಿ ಇಲ್ಲ ಅಂತೀರಿ, ಕಾಲುತಾಸು ಬಂದೈತಿ ಅಂತೀರಿ."

"ಎರಡೂ ಖರೇ ಸರ್."

ಅವರು ನನ್ನ ಮುಖ ನೋಡಿದರು, ಜಪ್ತಿಯ ಹಾಳೆ ಹರಿದರು, ಸಹಿ ಹಾಕಿ ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ತಿರುವಿದರು. ಬೀಗದ ಕೈಯನ್ನು ತಮ್ಮ ಜೇಬಿಗೇ ಹಾಕಿಕೊಂಡರು.

ವರ್ಷದ ಕೊನೆಯ ಸಂಜೆ ನಾನು ಕುಲುಮೆ ಓಣಿಯಲ್ಲಿ, ತಂಗೆವ್ವನ ಗವಾಕ್ಷಿಗೂ ಹುಸೇನ್‌ಬಿಯ ಕಿಟಕಿಗೂ ನಡುವೆ, ಗೋಡೆಗೆ ಒರಗಿ ನಿಂತಿದ್ದೆ. ಏಳೂ ಮುಕ್ಕಾಲಾಯಿತು. ಹನ್ನೆರಡು ವರ್ಷವೂ ಬೆಳ್ಳಗಾಗುತ್ತಿದ್ದ ಹೊತ್ತು. ಹುಸೇನ್‌ಬಿಯ ಓರೆ ಪೆಟ್ಟಿಗೆಯಲ್ಲಿ ಕಸೂತಿಯ ಬಟ್ಟೆ ಕಾಣಿಸಿತು, ಅದರ ಮೇಲೆ ಒಂದು ದೊಡ್ಡ ಕೈ, ಆಮೇಲೆ ಇಬ್ಬರು. ಓಣಿಯ ಯಾವ ಮನೆಯಲ್ಲೂ ಪಾತ್ರೆಯ ಸದ್ದಿರಲಿಲ್ಲ. ಮೇಲೆ ಗವಾಕ್ಷಿಯಲ್ಲಿ ತಂಗೆವ್ವನ ಮುಖ ಅರ್ಧ ಕಾಣುತ್ತಿತ್ತು. ಆಕೆ ತನ್ನನ್ನೇ ನೋಡುತ್ತಿದ್ದಳು.

"ಈಗ ಯಾರದು?" ಒಳಗಿನಿಂದ ಯಮನಪ್ಪನ ದನಿ.

"ನಮ್ಮದರಿ."

"ನಮ್ಮದ! ಹೇಳು, ಹೇಳು. ನೀ ಹೆಂಗ ಅದೀ?"

"ಒಬ್ಬಾಕಿ ಹೆಂಗಸು ಕುಂತಾಳ. ಅಂಥಾ ಚೆಂದೇನಿಲ್ಲ. ಮಾತ ಭಾಳ."

ದರ್ಜಿಯ ಹೆಂಡತಿ ಬೇಸತ್ತು ಎದ್ದ ಜಾಗಕ್ಕೆ ಓಣಿಯೆಲ್ಲ ಒಟ್ಟಿಗೆ ನಕ್ಕಿತು. ಗುಡ್ಡದ ಕಡೆಯ ಓಣಿಗಳಿಂದಲೂ ನಗು ಬಂತು. ದಿಂಬಿನ ಓಣಿಯಿಂದಲೂ ಬಂತು, ದಿಂಬಿಲ್ಲದೆ. ನಾನು ಗಡಿಯಾರ ನೋಡಿದೆ. ಒಂದು, ಎರಡು, ಮೂರು, ನಾಲ್ಕು. ಯಮನಪ್ಪ ನಕ್ಕ.

ನಗು ನಿಂತ ಮೇಲೆ ಅವನು ಕೇಳಿದ: "ಮತ್ತ ನಾ ಹೆಂಗ ಅದೀನಿ?"

ತಂಗೆವ್ವ ಕಿಟಕಿಯತ್ತ ಇನ್ನೂ ಒಂದಿಷ್ಟು ಬಾಗಿದಳು. "ನೆಟ್ಟಗ ಕುಂತೀರಿ. ಅಂಗಿ ಒಪ್ಪತೈತಿ. ಕೈ ಪೆಟಗಿ ಮ್ಯಾಲ ಐತಿ. ತಲಿ ಒಂದೀಟು ಬೆಳ್ಳಗಾಗೈತಿ, ಮೀಸಿ ಇನ್ನೂ ಕರ್ರಗ ಐತಿ."

ನನ್ನ ಎದುರಿಗೇ ಪರದೆಯಿತ್ತು. ಮೀಸೆ ಅರಳೆಯಷ್ಟು ಬೆಳ್ಳಗಿತ್ತು. ನಮ್ಮ ಪುಸ್ತಕದಲ್ಲಿ ಮೀಸೆಗೆ ಕಲಂ ಇಲ್ಲ.

ಎಂಟು ಹೊಡೆಯಿತು. 2,190ರಲ್ಲಿ 2,190 ಸಂದಿತ್ತು. ಊರಿನ ಪರದೆಗಳೆಲ್ಲ ಒಮ್ಮೆಲೆ ಆರಿದವು, ಆ ವರ್ಷ ಒಂದು ನಿಮಿಷವೂ ಬೆಳ್ಳಗಿರಲಿಲ್ಲ. ಪೇಟೆಯ ಕಡೆ ಯಾರೋ ತಟ್ಟೆ ಬಾರಿಸತೊಡಗಿದರು, ಓಣಿಯಿಂದ ಓಣಿಗೆ ಆ ಸದ್ದು ಏರಿತು. ನಾನು ಹೊರಡಬೇಕು ಎನ್ನುವಾಗ ಗವಾಕ್ಷಿಯ ಒಳಗಿನಿಂದ ಯಮನಪ್ಪ ತಗ್ಗಿದ ದನಿಯಲ್ಲಿ ಹೆಂಡತಿಗೆ ಹೇಳಿದ್ದು ಕೇಳಿಸಿತು:

"ನಿಧಾನಕ ಇಳಿ. ಆ ಸ್ಟೂಲಿಂದು ನಾ ಹಚ್ಚಿದ್ದ ಬೆಸುಗಿ, ಹಳೇದಾಗೈತಿ."